ಚರ್ಮದ ಸಾರ್ಕೋಮಾ ಹೊಳ್ಳಿ ಬರ್ತದಾ, ಹರಡ್ತದಾ? ಪದೇ ಪದೇ ಕೇಳುವ ಪ್ರಶ್ನೆಗಳು

ಗುಳೇದಗುಡ್ಡದ ನನ್ನ ಸೋದರಮಾವ ಮೂವತ್ತು ವರ್ಷ ಖಣ ನೇಯ್ದವರು. ಅವರ ಬಲ ಹೆಗಲ ಮೇಲೆ ಹುಣಸೆ ಬೀಜದಷ್ಟು ಒಂದು ಗಂಟು ಎಷ್ಟೋ ವರ್ಷದಿಂದ ಇತ್ತು. ನೋವಿಲ್ಲ, ತುರಿಕೆ ಇಲ್ಲ. ಮಗ್ಗದ ಹಗ್ಗ ಎಳೆದು ಎಳೆದು ಹೀಗಾಗಿದೆ ಅಂತ ಎಲ್ಲರೂ ಸುಮ್ನಿದ್ದರು. ಅಡಿಕೆಯಷ್ಟು ಆದ ಮೇಲೆ ಒಂದು ನರ್ಸಿಂಗ್ ಹೋಮಿನಲ್ಲಿ ಕೊಬ್ಬಿನ ಗಂಟು ಅಂತ ತೆಗೆಸಿದರು. ಒಂದೂವರೆ ವರ್ಷಕ್ಕೆ ಅದೇ ಹೊಲಿಗೆಯ ಗೆರೆಯಲ್ಲಿ ಮತ್ತೆ ಬಂತು. ಆಮೇಲೆ ಗೊತ್ತಾದ ಹೆಸರು ಡರ್ಮಾಟೋಫೈಬ್ರೋಸಾರ್ಕೋಮಾ ಪ್ರೊಟ್ಯುಬರನ್ಸ್. ಚಿಕ್ಕದಾಗಿ ಡಿಎಫ್‌ಎಸ್‌ಪಿ.

ಅವತ್ತಿನಿಂದ ಫೈಲು ಹಿಡಿದು ಅವರ ಜೊತೆ ಓಡಾಡಿದವನು ನಾನು. ಡಾಕ್ಟರ್ ಅಲ್ಲ. ಆದರೆ ಇಳಕಲ್, ಜಮಖಂಡಿ, ಗೋಕಾಕ ಕಡೆಯ ನೆಂಟರು, ನೆಂಟರ ನೆಂಟರು ಫೋನ್ ಮಾಡಿ ಕೇಳಿ ಕೇಳಿ ಈ ಪ್ರಶ್ನೆಗಳೆಲ್ಲ ಬಾಯಿಪಾಠ ಆಗಿವೆ. ಉತ್ತರಗಳನ್ನು ಡಾಕ್ಟರುಗಳ ಹತ್ತಿರ ಕೂತು, ಕೇಳಿ, ಬರೆದುಕೊಂಡಿದ್ದೇನೆ. ನಿಮ್ಮ ವಿಷಯದಲ್ಲಿ ಕೊನೆಯ ಮಾತು ನಿಮ್ಮ ಡಾಕ್ಟರದ್ದೇ.

ಸಾರ್ಕೋಮಾ ಅಂದರೆ ಚರ್ಮದ ಕ್ಯಾನ್ಸರೇ ಅಲ್ವಾ? ಬೇರೆ ಹೆಸರು ಯಾಕೆ?

ಹುಟ್ಟುವ ಜಾಗ ಬೇರೆ. ಚರ್ಮದ ಕ್ಯಾನ್ಸರ್ ಅಂತ ನಾವು ಸಾಮಾನ್ಯವಾಗಿ ಕೇಳುವುದು ಚರ್ಮದ ಮೇಲಿನ ಪದರದಲ್ಲಿ ಹುಟ್ಟುವಂಥದ್ದು. ಅದರ ಕೆಳಗೆ ನಾರು, ಕೊಬ್ಬು, ಸಣ್ಣ ಸ್ನಾಯು, ರಕ್ತನಾಳ ಇರುತ್ತವೆ. ಅಲ್ಲಿ ಹುಟ್ಟಿದರೆ ಸಾರ್ಕೋಮಾ. ಅದಕ್ಕೇ ಬಹಳ ದಿನ ಚರ್ಮದ ಮೇಲೆ ಹುಣ್ಣು ಕಾಣುವುದಿಲ್ಲ, ರಕ್ತ ಬರುವುದಿಲ್ಲ. ಬರೀ ಗಂಟು ಇರುತ್ತದೆ, ಜನ ಮರೆತುಬಿಡುತ್ತಾರೆ.

ಬಹಳ ಅಪರೂಪದ ಕಾಯಿಲೆ ಇದು. ಡಿಎಫ್‌ಎಸ್‌ಪಿ 10 ಲಕ್ಷ ಜನರಲ್ಲಿ ವರ್ಷಕ್ಕೆ ಸುಮಾರು 1ರಿಂದ 4 ಜನಕ್ಕೆ ಬರುತ್ತದೆ. ಹೆಚ್ಚಾಗಿ 20ರಿಂದ 50 ವರ್ಷದವರಿಗೆ. ಮೈಯಲ್ಲಿ ಜಾಸ್ತಿ ಕಾಣುವುದು ಎದೆ, ಬೆನ್ನು, ಹೊಟ್ಟೆ, ಹೆಗಲ ಮೇಲೆ.

ಎಲ್ಲಾ ಚರ್ಮದ ಸಾರ್ಕೋಮಾ ಒಂದೇ ಥರ ಹರಡುತ್ತವಾ?

ಇಲ್ಲ. ಹೆಚ್ಚು ಜನ ಹೆದರುವುದು ಇಲ್ಲಿಯೇ. ಮೊಬೈಲಿನಲ್ಲಿ ಸಾರ್ಕೋಮಾ ಅಂತ ಹುಡುಕುತ್ತಾರೆ, ಯಾವುದೋ ಎಲುಬಿನ ಸಾರ್ಕೋಮಾದ ಕಥೆ ಓದುತ್ತಾರೆ, ರಾತ್ರಿಯಿಡೀ ನಿದ್ದೆ ಇಲ್ಲ.

ಡಿಎಫ್‌ಎಸ್‌ಪಿ ಹುಟ್ಟಿದ ಜಾಗದಲ್ಲೇ ಹಟ ಹಿಡಿಯುತ್ತದೆ, ದೂರ ಹೋಗುವುದು ಕಡಿಮೆ. ವಯಸ್ಸಾದವರ ಬೋಳು ತಲೆ, ಕಿವಿ, ಮುಖದ ಮೇಲೆ ಬಿಸಿಲಿನಿಂದ ಬರುವ ಅಟಿಪಿಕಲ್ ಫೈಬ್ರೋಕ್ಸಾಂಥೋಮಾ ಪೂರ್ತಿ ತೆಗೆದರೆ ಹರಡುವುದು ತೀರಾ ಅಪರೂಪ. ಅದರದೇ ಅಣ್ಣನಂತಿರುವ ಪ್ಲಿಯೋಮಾರ್ಫಿಕ್ ಡರ್ಮಲ್ ಸಾರ್ಕೋಮಾ ಚರ್ಮ ದಾಟಿ ಕೊಬ್ಬಿಗೆ ಇಳಿದಿರುತ್ತದೆ, ಅದು ಹರಡುವುದು ಜಾಸ್ತಿ. ಸಣ್ಣ ಸ್ನಾಯುವಿನಲ್ಲಿ ಹುಟ್ಟುವ ಲಿಯೋಮಯೋಸಾರ್ಕೋಮಾ ಚರ್ಮದೊಳಗೇ ಇದ್ದರೆ ದೂರ ಹೋಗುವುದು ಕಡಿಮೆ, ಚರ್ಮದ ಕೆಳಗಿನ ಕೊಬ್ಬಿನಲ್ಲಿದ್ದರೆ ಅಪಾಯ ಎಷ್ಟೋ ಪಾಲು ಹೆಚ್ಚು. ಅಂದರೆ ಹೆಸರಿನಷ್ಟೇ ಆಳವೂ ಮುಖ್ಯ.

ಹರಡುವ ಚಾಳಿ ಹೆಚ್ಚಿರುವ ಎರಡರ ಹೆಸರು ನೆನಪಿಡಿ: ಆಂಜಿಯೋಸಾರ್ಕೋಮಾ ಮತ್ತು ಎಪಿಥೀಲಿಯಾಯ್ಡ್ ಸಾರ್ಕೋಮಾ. ಮೊದಲನೆಯದರ ಬಗ್ಗೆ ಮುಂದೆ ಬರೆದಿದ್ದೇನೆ. ಎರಡನೆಯದು ಹೆಚ್ಚಾಗಿ ಹರೆಯದವರ ಬೆರಳು, ಅಂಗೈ, ಮುಂಗೈಯಲ್ಲಿ ವಾಸಿಯಾಗದ ಗಂಟೋ ಹುಣ್ಣೋ ಆಗಿ ಕಾಣುತ್ತದೆ. ಉಗುರುಸುತ್ತು, ಮುಳ್ಳು ಚುಚ್ಚಿದ್ದು ಅಂತ ತಿಂಗಳುಗಟ್ಟಲೆ ಮುಲಾಮು ಹಚ್ಚಿಕೊಂಡು ಕೂರುತ್ತಾರೆ.

ಹೊಳ್ಳಿ ಬರುವುದು, ಹರಡುವುದು ಎರಡೂ ಒಂದೇ ಅಲ್ವಾ?

ನಮ್ಮ ಮನೆಯಲ್ಲೂ ಒಂದೇ ಅಂದುಕೊಂಡಿದ್ದೆವು. ಮಾವನ ಹೆಗಲಲ್ಲಿ ಮತ್ತೆ ಬಂದಾಗ ಅತ್ತಿ ಅಳುತ್ತಾ ಕೇಳಿದ್ದು ಒಂದೇ ಮಾತು: "ಮೈತುಂಬ ಹಬ್ಬೇತೇನ್ರಿ ಡಾಕ್ಟ್ರ?"

ತೆಗೆದ ಜಾಗದಲ್ಲೇ ಅಥವಾ ಅದರ ಪಕ್ಕದಲ್ಲೇ ಮತ್ತೆ ಬೆಳೆದರೆ ಹೊಳ್ಳಿ ಬಂದಿದೆ ಅಂತ. ಅಲ್ಲಿಂದ ಕಳಚಿಕೊಂಡು ರಕ್ತದ ಹಾದಿಯಲ್ಲೋ ಹಾಲುರಸದ ಗಂಟುಗಳ (ಲಿಂಫ್ ನೋಡ್) ಹಾದಿಯಲ್ಲೋ ಪುಪ್ಪುಸಕ್ಕೋ ಬೇರೆಡೆಗೋ ಹೋದರೆ ಹರಡಿದೆ ಅಂತ. ಡಿಎಫ್‌ಎಸ್‌ಪಿಯಲ್ಲಿ ಮೊದಲನೆಯದು ಮಾಮೂಲಿ ತೊಂದರೆ. ಎರಡನೆಯದು 100ರಲ್ಲಿ 5ಕ್ಕಿಂತ ಕಡಿಮೆ ಜನರಿಗೆ. ಅದೂ ಹೆಚ್ಚಾಗಿ ಎಷ್ಟೋ ಸಲ ಹೊಳ್ಳಿ ಬಂದವರಿಗೆ, ಇಲ್ಲಾ ಗಡ್ಡೆಯ ಗುಣವೇ ಬದಲಾದವರಿಗೆ.

ಅದೇ ಜಾಗದಲ್ಲಿ ಮತ್ತೆ ಯಾಕೆ ಬರುತ್ತದೆ? ಪೂರ್ತಿ ತೆಗೆದಿದ್ದೇವೆ ಅಂದಿದ್ದರಲ್ಲ?

ಎರೆ ಹೊಲದಲ್ಲಿ ಕರಿಕೆ ಹುಲ್ಲು ಕಿತ್ತವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಮೇಲೆ ಕಾಣುವ ಹುಲ್ಲು ಒಂದು ಹಿಡಿ. ಕೆಳಗೆ ಅದರ ಬೇರು ಗೆಣ್ಣು ಗೆಣ್ಣಾಗಿ ಎತ್ತೆತ್ತಲೋ ಓಡಿರುತ್ತದೆ. ಕುಡುಗೋಲಿನಲ್ಲಿ ಕೊಯ್ದರೆ ಹೊಲ ಸ್ವಚ್ಛ ಕಾಣುತ್ತದೆ, ಒಂದು ಮಳೆ ಬಿದ್ದರೆ ಮತ್ತೆ ಹಸಿರು.

ಡಿಎಫ್‌ಎಸ್‌ಪಿ ಬೆಳೆಯುವುದೂ ಹಾಗೆಯೇ. ಕೈಗೆ ಸಿಗುವ ಗಂಟು ದುಂಡಗೆ ಇರುತ್ತದೆ. ಆದರೆ ಅಂಚಿನಿಂದ ಬೆರಳಿನಂಥ ಸಣ್ಣ ಎಳೆಗಳು ಕೊಬ್ಬಿನ ಮಧ್ಯೆ, ನಾರಿನ ಮಧ್ಯೆ ನುಸುಳಿರುತ್ತವೆ. ಕಣ್ಣಿಗೆ ಕಾಣುವುದಿಲ್ಲ, ಬೆರಳಿಗೂ ಹತ್ತುವುದಿಲ್ಲ. ಎಲ್ಲಾ ಕಡೆ ಒಂದೇ ಅಳತೆಯಲ್ಲೂ ಇರುವುದಿಲ್ಲ. ಒಂದು ಬದಿಗೆ ಅರ್ಧ ಸೆಂಟಿಮೀಟರ್, ಇನ್ನೊಂದು ಬದಿಗೆ ಮೂರು. ಗಂಟನ್ನಷ್ಟೇ ನೀಟಾಗಿ ಬಿಡಿಸಿ ತೆಗೆದರೆ ಎಳೆಗಳು ಅಲ್ಲೇ ಉಳಿಯುತ್ತವೆ.

ಅದಕ್ಕೇ ಸುತ್ತ 2ರಿಂದ 4 ಸೆಂಟಿಮೀಟರ್ ಒಳ್ಳೆಯ ಚರ್ಮವನ್ನೂ ಸೇರಿಸಿ, ಕೆಳಗೆ ಸ್ನಾಯುವಿನ ಮೇಲಿನ ಬಿಳಿ ಪದರದವರೆಗೂ ತೆಗೆಯುತ್ತಾರೆ. ಮಾವನ ಎರಡನೇ ಆಪರೇಷನ್ ಆದ ಮೇಲೆ ಹೆಗಲ ಗಾಯ ಅಂಗೈ ಅಗಲ ಇತ್ತು. ತೊಡೆಯ ಚರ್ಮ ತೆಗೆದು ಮುಚ್ಚಿದರು. ಹೊಳ್ಳಿ ಬಂದ ಜೋಳದ ಕಾಳಿನಷ್ಟು ಗಂಟಿಗೆ ಇಷ್ಟು ದೊಡ್ಡ ಗಾಯ ಯಾಕೆ ಅಂತ ಮನೆಯವರೆಲ್ಲ ಸಿಟ್ಟಾದರು. ನಾನೂ ಆದೆ.

ಮೋಸ್ ಅಂತ ಇನ್ನೊಂದು ವಿಧಾನ ಇದೆ. ಸ್ವಲ್ಪ ಸ್ವಲ್ಪವೇ ಪದರ ತೆಗೆದು, ಪ್ರತಿ ಸಲ ಅಂಚನ್ನೆಲ್ಲ ಸೂಕ್ಷ್ಮದರ್ಶಕದಲ್ಲಿ ನೋಡಿ, ಎಲ್ಲಿ ಎಳೆ ಉಳಿದಿದೆಯೋ ಅಲ್ಲಿ ಮಾತ್ರ ಮತ್ತೆ ತೆಗೆಯುವುದು. ಹೊಳ್ಳಿ ಬರುವುದು ಇದರಲ್ಲಿ ಬಹಳ ಕಡಿಮೆ. ಮುಖ, ತಲೆಯ ಗಂಟಿಗೆ ಚರ್ಮ ಉಳಿಸಲು ಒಳ್ಳೆಯದು. ಆದರೆ ನಮ್ಮ ದೇಶದಲ್ಲಿ ಇದನ್ನು ಮಾಡುವವರು ಕಡಿಮೆ.

ಫ್ರಾನ್ಸಿನ ಡೇರಿಯೆ ಮತ್ತು ಫೆರಾನ್ 1924ರಲ್ಲಿ ಈ ಕಾಯಿಲೆಯನ್ನು ವಿವರಿಸುವಾಗ "ಮರಳಿ ಬರುವ" ಅನ್ನುವ ಮಾತನ್ನು ಹೆಸರಿನಲ್ಲೇ ಸೇರಿಸಿದ್ದರು. ಅಂದರೆ 100 ವರ್ಷದ ಹಿಂದೆಯೇ ಇದರ ಚಾಳಿ ಗೊತ್ತಿತ್ತು.

ಕತ್ತಿ ತಾಗಿಸಿದರೆ ಹರಡುತ್ತದೆ, ಬಯಾಪ್ಸಿ ಬೇಡ ಅಂತಾರಲ್ಲ?

ನಮ್ಮ ಕಡೆ ಗಂಟಿಗೆ ಬರೆ ಹಾಕಿಸುತ್ತಾರೆ, ಸುಣ್ಣ ಹಚ್ಚುತ್ತಾರೆ, ಕುದುರೆ ಕೂದಲು ಕಟ್ಟುತ್ತಾರೆ. ಅದಕ್ಕೆಲ್ಲ ಧೈರ್ಯ ಇದೆ, ಪರೀಕ್ಷೆಗೆ ಗಂಟಿನ ಸಣ್ಣ ತುಣುಕು ತೆಗೆಯುವ ಬಯಾಪ್ಸಿ ಅಂದರೆ ಮಾತ್ರ ಭಯ!

ಸರಿಯಾದ ಜಾಗದಲ್ಲಿ, ಸರಿಯಾಗಿ ಮಾಡಿದ ಬಯಾಪ್ಸಿಯಿಂದ ಈ ಗಂಟು ಮೈಗೆಲ್ಲ ಹಬ್ಬುವುದಿಲ್ಲ. ಚುಚ್ಚಿದ ಗುರುತು ಇರುವ ಚರ್ಮವನ್ನೂ ಮುಂದಿನ ಆಪರೇಷನ್ನಿನಲ್ಲಿ ಸೇರಿಸಿಯೇ ತೆಗೆಯುತ್ತಾರೆ. ಅದಕ್ಕೇ ಎಲ್ಲಿ ಚುಚ್ಚಬೇಕು ಅನ್ನುವುದನ್ನು ಮುಂದೆ ಆಪರೇಷನ್ ಮಾಡುವ ಸರ್ಜನ್ನೇ ಹೇಳಿದರೆ ಒಳ್ಳೆಯದು. ತುಣುಕು ಆಳದಿಂದ ಬರಬೇಕು. ಮೇಲೆ ಮೇಲೆ ಕೆರೆದ ತುಣುಕು ಸಾಮಾನ್ಯ ನಾರುಗಂಟಿನಂತೆ ಕಂಡು ದಾರಿ ತಪ್ಪಿಸಬಹುದು.

ತೊಂದರೆ ಆಗುವುದು ಏನೆಂದು ಗೊತ್ತಿಲ್ಲದೆ ಅರ್ಧಂಬರ್ಧ ತೆಗೆದಾಗ. ಆಮೇಲೆ ಜನ ಅದನ್ನೇ ನೋಡಿ "ಕತ್ತಿ ತಾಗಿತು, ಹೆಚ್ಚಾಯಿತು" ಅನ್ನುತ್ತಾರೆ. ಅವರ ಕಣ್ಣಿಗೆ ಕಂಡದ್ದು ಸುಳ್ಳಲ್ಲ, ಕಾರಣ ಮಾತ್ರ ಬೇರೆ.

ಮೊದಲು ಕೊಬ್ಬಿನ ಗಂಟು ಅಂತ ತೆಗೆದುಬಿಟ್ಟಿದ್ದಾರೆ. ಈಗ ಏನು ಮಾಡಬೇಕು?

ನಮಗೂ ಇದೇ ಆಯಿತು. ತೆಗೆದ ಗಂಟನ್ನು ಆ ನರ್ಸಿಂಗ್ ಹೋಮಿನವರು ಒಂದು ಸ್ಟೀಲ್ ಬಟ್ಟಲಲ್ಲಿ ತೋರಿಸಿದರು. "ನೋಡ್ರಿ, ಪೂರಾ ಬಂದೈತಿ" ಅಂದರು. ನಾವು ಕೈಮುಗಿದು ಬಂದೆವು. ಪರೀಕ್ಷೆಗೆ ಕಳಿಸಿದ್ದೀರಾ ಅಂತ ಕೇಳುವಷ್ಟು ತಿಳಿವಳಿಕೆ ನಮಗಿರಲಿಲ್ಲ, ಕಳಿಸಬೇಕು ಅಂತ ಅವರಿಗೂ ಅನಿಸಲಿಲ್ಲ. ಬಟ್ಟಲಲ್ಲಿದ್ದದ್ದು ಕಸಕ್ಕೆ ಹೋಯಿತು.

ನಿಮ್ಮ ಗಂಟನ್ನು ಕಳಿಸಿದ್ದರೆ ಪುಣ್ಯ. ಲ್ಯಾಬಿನಲ್ಲಿ ಗಂಟಿನ ತುಣುಕನ್ನು ಹುದುಗಿಸಿದ ಮೇಣದ ಬ್ಲಾಕ್ ಇಟ್ಟಿರುತ್ತಾರೆ, ಸಣ್ಣ ಚಾಕೊಲೇಟಿನಷ್ಟು ಗಾತ್ರದ್ದು. ಅದನ್ನು, ಸ್ಲೈಡುಗಳನ್ನು, ರಿಪೋರ್ಟನ್ನು ಕೇಳಿ ಈಸಿಕೊಳ್ಳಿ. ದೊಡ್ಡ ಆಸ್ಪತ್ರೆಯಲ್ಲಿ ಮೊದಲು ಕೇಳುವುದೇ ಬ್ಲಾಕ್. ಬಿಸಿಲಿಗೆ ಇಡಬೇಡಿ, ಮೇಣ ಕರಗುತ್ತದೆ. ವಿಜಯಪುರದ ಏಪ್ರಿಲ್ ಬಿಸಿಲಲ್ಲಿ ಬೈಕಿನ ಡಿಕ್ಕಿಯಲ್ಲಿ ಬ್ಲಾಕ್ ಇಟ್ಟುಕೊಂಡು ಹೊರಟವರನ್ನು ನೋಡಿದ್ದೇನೆ, ಅದಕ್ಕೇ ಹೇಳಿದೆ.

ರಿಪೋರ್ಟಿನಲ್ಲಿ ಸಾರ್ಕೋಮಾ ಅಂತ ಬಂದು ಅಂಚಿನಲ್ಲಿ ಗಡ್ಡೆ ಉಳಿದಿದೆ ಅಂತಿದ್ದರೆ, ಮತ್ತೆ ಬೆಳೆಯಲಿ ನೋಡೋಣ ಅಂತ ಕಾಯುವುದು ಬೇಡ. ಎಂಆರ್‌ಐ ಮಾಡಿಸಿ, ಹಳೆಯ ಗಾಯದ ಗೆರೆಯನ್ನೂ ಸೇರಿಸಿ ಅಗಲವಾಗಿ ಮತ್ತೆ ತೆಗೆಯುತ್ತಾರೆ.

ರಿಪೋರ್ಟಿನಲ್ಲಿ ನಾವು ಏನು ನೋಡಬೇಕು?

ಮೂರು ಮಾತು ಹುಡುಕಿ, ತಿಳಿಯದಿದ್ದರೆ ಡಾಕ್ಟರನ್ನು ಕೇಳಿ. ಒಂದು, ಮಾರ್ಜಿನ್. ಅಂದರೆ ತೆಗೆದ ತುಂಡಿನ ಅಂಚು. ಅಲ್ಲಿ ಗಡ್ಡೆ ಇಲ್ಲ ಅಂತಿರಬೇಕು. ಬದಿಯ ಅಂಚು ಬೇರೆ, ತಳದ ಅಂಚು ಬೇರೆ, ಎರಡನ್ನೂ ಕೇಳಿ. ಎರಡು, ಆಳ. ಮೂರು, ಫೈಬ್ರೋಸಾರ್ಕೋಮಾಟಸ್ ಅನ್ನುವ ಪದ. ಡಿಎಫ್‌ಎಸ್‌ಪಿಯ ಒಂದು ಭಾಗ ಹೀಗೆ ಬದಲಾಗಿದ್ದರೆ ಅದು ಜೋರಾಗಿ ಬೆಳೆಯುತ್ತದೆ, ಹೊಳ್ಳಿ ಬರುವುದೂ ಹರಡುವುದೂ ಹೆಚ್ಚು. ಆ ಪದ ಇದ್ದರೆ ಪುಪ್ಪುಸದ ಸಿಟಿ ಸ್ಕ್ಯಾನ್ ಮಾಡಿಸುತ್ತಾರೆ.

ಸಿಡಿ34 ಪಾಸಿಟಿವ್ ಅಂತ ಬರೆದಿರುವುದನ್ನು ನೋಡಿ ಗಾಬರಿ ಆಗಬೇಡಿ. ಎಚ್‌ಐವಿ ಪಾಸಿಟಿವ್ ಅಂತ ಓದಿಕೊಂಡು ಒಬ್ಬರು ನನಗೆ ರಾತ್ರಿ ಹನ್ನೊಂದಕ್ಕೆ ಫೋನ್ ಮಾಡಿದ್ದರು. ಸಿಡಿ34 ಅಂದರೆ ಗಡ್ಡೆಯ ಗುರುತು ಹಿಡಿಯಲು ಹಾಕುವ ಬಣ್ಣ, ಡಿಎಫ್‌ಎಸ್‌ಪಿಯಲ್ಲಿ ಸಾಮಾನ್ಯವಾಗಿ ಪಾಸಿಟಿವ್ ಬರುತ್ತದೆ.

ಹರಡಿದರೆ ಎಲ್ಲಿಗೆ ಹೋಗುತ್ತದೆ?

ಹೆಚ್ಚಾಗಿ ಪುಪ್ಪುಸಕ್ಕೆ. ಸಾರ್ಕೋಮಾ ರಕ್ತದ ಹಾದಿ ಹಿಡಿಯುವುದೇ ಜಾಸ್ತಿ. ಎಪಿಥೀಲಿಯಾಯ್ಡ್ ಸಾರ್ಕೋಮಾ, ಆಂಜಿಯೋಸಾರ್ಕೋಮಾ ಕಂಕುಳು, ತೊಡೆಸಂದು, ಕುತ್ತಿಗೆಯ ಗಂಟುಗಳಿಗೂ ಹೋಗುತ್ತವೆ. ಡಿಎಫ್‌ಎಸ್‌ಪಿ ಆ ಗಂಟುಗಳಿಗೆ ಹೋಗುವುದು ಬಲು ಅಪರೂಪ. ಮಾಮೂಲಿ ಡಿಎಫ್‌ಎಸ್‌ಪಿಗೆ ಪ್ರತಿ ಸಲ ಮೈಯೆಲ್ಲ ಪೆಟ್ ಸ್ಕ್ಯಾನ್ ಬೇಕಾಗಿಲ್ಲ. ಯಾಕೆ ಬೇಕು ಅಂತ ಕೇಳಿದರೆ ತಪ್ಪಿಲ್ಲ.

ತಾತನ ತಲೆ ಮೇಲೆ ನೀಲಿ ಕಲೆ ಇದೆ, ಬಾಗಿಲು ಬಡಿದದ್ದು ಅಂತಾರೆ. ಇದೂ ಅದೇನಾ?

ಬಡಿದ ಕಲೆ ಎರಡು ಮೂರು ವಾರದಲ್ಲಿ ಹಳದಿಯಾಗಿ ಹೋಗಬೇಕು. ಹೋಗದೆ ಅಗಲವಾಗುತ್ತಿದ್ದರೆ, ನೇರಳೆ ಬಣ್ಣ ಆಗಿದ್ದರೆ, ಮುಟ್ಟಿದರೆ ರಕ್ತ ಒಸರುತ್ತಿದ್ದರೆ ಅದೇ ವಾರ ತೋರಿಸಿ. ವಯಸ್ಸಾದವರ ನೆತ್ತಿ, ಹಣೆ, ಮುಖದಲ್ಲಿ ಬರುವ ಆಂಜಿಯೋಸಾರ್ಕೋಮಾ ಹೀಗೇ ಶುರುವಾಗುತ್ತದೆ. ಇಡೀ ದಿನ ಪಟಗಾ ಸುತ್ತಿಕೊಂಡಿರುವ ಹಿರಿಯರ ನೆತ್ತಿ ಯಾರ ಕಣ್ಣಿಗೂ ಬೀಳುವುದಿಲ್ಲ. ಕ್ಷೌರ ಮಾಡುವವರೇ ಮೊದಲು ನೋಡುತ್ತಾರೆ, ಅವರ ಮಾತು ತಳ್ಳಿಹಾಕಬೇಡಿ.

ಇದು ಕೆಟ್ಟ ಜಾತಿಯದು. ಕಣ್ಣಿಗೆ ಕಾಣುವ ಕಲೆಗಿಂತ ಎಷ್ಟೋ ಆಚೆಗೆ ಹಬ್ಬಿರುತ್ತದೆ, ಬೇಗ ಹೊಳ್ಳಿ ಬರುತ್ತದೆ, ಪುಪ್ಪುಸಕ್ಕೆ ಹೋಗುತ್ತದೆ. ಆಪರೇಷನ್ ಜೊತೆ ರೇಡಿಯೇಷನ್, ಪ್ಯಾಕ್ಲಿಟ್ಯಾಕ್ಸೆಲ್ ಅನ್ನುವ ಕೀಮೋ ಕೊಡುತ್ತಾರೆ.

ಸ್ತನ ಕ್ಯಾನ್ಸರಿನ ಆಪರೇಷನ್ ಆಗಿ ತೋಳು ವರ್ಷಗಟ್ಟಲೆ ಬಾತುಕೊಂಡಿರುವ ಹೆಂಗಸರಲ್ಲೂ ಇದು ಬರಬಹುದು. 1948ರಲ್ಲಿ ಸ್ಟೀವರ್ಟ್ ಮತ್ತು ಟ್ರೀವ್ಸ್ ಇದನ್ನು ಮೊದಲು ಬರೆದರು. ಬಹಳ ಅಪರೂಪ, ಹೆದರಬೇಕಾಗಿಲ್ಲ. ಆದರೆ ಬಾತ ತೋಳಿನಲ್ಲಿ ಕೆಂಪು, ನೇರಳೆ ಗುಳ್ಳೆ ಎದ್ದರೆ ಬಳೆ ಒತ್ತಿತು ಅಂತ ಬಿಡಬೇಡಿ.

ಕಪೋಸಿ ಸಾರ್ಕೋಮಾ ಅಂದರೆ ಎಚ್‌ಐವಿ ಇದೆ ಅಂತಲೇ?

ಯಾವಾಗಲೂ ಅಲ್ಲ. ಚರ್ಮದ ಮೇಲೆ ನೇರಳೆ ಕಲೆಗಳಾಗಿ ಕಾಣುವ ಈ ಸಾರ್ಕೋಮಾದ ಹಿಂದೆ ಒಂದು ವೈರಸ್ ಇದೆ, 1994ರಲ್ಲಿ ಕಂಡುಹಿಡಿದರು. ಎಚ್‌ಐವಿ ಇದ್ದವರಲ್ಲಿ, ಕಿಡ್ನಿ ಕಸಿ ಆಗಿ ರೋಗನಿರೋಧಕ ಶಕ್ತಿ ತಗ್ಗಿಸುವ ಮಾತ್ರೆ ತಿನ್ನುವವರಲ್ಲಿ ಅದು ತಲೆ ಎತ್ತುತ್ತದೆ. ನಮ್ಮ ದೇಶದಲ್ಲಿ ಕಡಿಮೆ. ಎಚ್‌ಐವಿ ಇದ್ದವರು ಎಆರ್‌ಟಿ ಮಾತ್ರೆ ಬಿಡದೆ ತಿಂದರೆ ಎಷ್ಟೋ ಜನರಿಗೆ ಕಲೆಗಳು ತಾವೇ ತಗ್ಗುತ್ತವೆ.

ಆಪರೇಷನ್ ಆದ ಮೇಲೆ ಎಷ್ಟು ವರ್ಷ ತೋರಿಸಬೇಕು?

ಡಿಎಫ್‌ಎಸ್‌ಪಿ ಆದರೆ 6ರಿಂದ 12 ತಿಂಗಳಿಗೊಮ್ಮೆ. ಹೊಳ್ಳಿ ಬರುವುದು ಹೆಚ್ಚಾಗಿ ಮೊದಲ 3 ವರ್ಷದಲ್ಲಿ. ಆದರೆ 5 ವರ್ಷ ದಾಟಿದ ಮೇಲೆ ಬಂದದ್ದೂ ಇದೆ, ಹಾಗಾಗಿ "ಐದು ವರ್ಷ ಆಯ್ತು, ಮುಗೀತು" ಅನ್ನುವ ಲೆಕ್ಕ ಇಲ್ಲಿ ನಡೆಯುವುದಿಲ್ಲ. ಆಂಜಿಯೋಸಾರ್ಕೋಮಾ, ಎಪಿಥೀಲಿಯಾಯ್ಡ್ ಆದರೆ ಇನ್ನೂ ಬೇಗ ಬೇಗ ಕರೆಯುತ್ತಾರೆ, ಪುಪ್ಪುಸದ ಸ್ಕ್ಯಾನ್ ಕೂಡ ಇರುತ್ತದೆ.

ಮನೆಯಲ್ಲಿ ನೋಡಿಕೊಳ್ಳುವುದು ಹೇಗೆ?

ಕೈಯಿಂದ. ಮಾವನ ಗಂಟು ಹೊಳ್ಳಿ ಬಂದದ್ದು ಗೊತ್ತಾಗಿದ್ದು ಯಾವ ಸ್ಕ್ಯಾನಿನಲ್ಲೂ ಅಲ್ಲ. ನರಕ ಚತುರ್ದಶಿ ದಿನ ಬೆಳಗ್ಗೆ ಅತ್ತಿ ಅವರಿಗೆ ಎಣ್ಣೆ ಹಚ್ಚುತ್ತಿದ್ದರು. ಹೊಲಿಗೆಯ ಗೆರೆಯ ಮೇಲೆ ಹೆಬ್ಬೆರಳು ಹೋದದ್ದು ಅಲ್ಲೇ ನಿಂತಿತು. "ಇಲ್ಲೆ ನೋಡ್ರಿ, ಜ್ವಾಳದ ಕಾಳಿನಂಗ ಏನೋ ಗಟ್ಟಿ ಹತ್ತತೈತಿ" ಅಂದರು. ಮಾವ ನೀರು ಹಾಕು ಅಂತ ಗದರಿಸಿದರು. ಅತ್ತಿ ಬಿಡಲಿಲ್ಲ, ಅದೇ ಎಣ್ಣೆಗೈಯಲ್ಲಿ ನನ್ನನ್ನು ಕರೆದು ಮುಟ್ಟಿಸಿದರು.

ಈಗ ಅವರಿಗೆ ಅದು ತಿಂಗಳ ರೂಢಿ. ಅಮಾವಾಸ್ಯೆಗೊಮ್ಮೆ ಎಣ್ಣೆ ಹಚ್ಚುವಾಗ ಗಾಯದ ಗೆರೆ, ಅದರ ಸುತ್ತ ನಾಲ್ಕು ಬೆರಳು ಅಗಲ ಒತ್ತಿ ನೋಡುತ್ತಾರೆ. ನಾನು ಮೊಬೈಲಿನಲ್ಲಿ ಫೋಟೊ ತೆಗೆಯುತ್ತೇನೆ, ಪಕ್ಕದಲ್ಲಿ ಒಂದು ರೂಪಾಯಿ ನಾಣ್ಯ ಇಟ್ಟು, ಅದೇ ಕಿಟಕಿಯ ಬೆಳಕಲ್ಲಿ. ಹೊಸ ಗಟ್ಟಿ ಕಾಳು, ಬಣ್ಣ ಬದಲಾದದ್ದು, ಮೆತ್ತಗಿದ್ದ ಕಲೆ ಉಬ್ಬಿದ್ದು ಕಂಡರೆ ಮುಂದಿನ ತಾರೀಖಿಗೆ ಕಾಯದೆ ಹೋಗುತ್ತೇವೆ. ಗಾಯದ ಕಲೆಯೂ ಗಟ್ಟಿ ಇರಬಹುದು. ಕಲೆಯೋ ಗಂಟೋ ಅಂತ ತೀರ್ಮಾನ ಮಾಡುವುದು ನಮ್ಮ ಕೆಲಸ ಅಲ್ಲ.

ಮತ್ತೆ ಬಂದರೆ ಕೈ ಕಾಲು ತೆಗೆಯಬೇಕಾ? ಮಾತ್ರೆ ಇಲ್ವಾ?

ಹೆಚ್ಚಿನವರಿಗೆ ಮತ್ತೆ ಅಗಲವಾಗಿ ತೆಗೆಯುವುದೇ ದಾರಿ, ಕೈಕಾಲು ಉಳಿಯುತ್ತದೆ. ಅಂಚು ಸಾಕಷ್ಟು ಸಿಗದಿದ್ದರೆ ರೇಡಿಯೇಷನ್ ಸೇರಿಸುತ್ತಾರೆ. ಡಿಎಫ್‌ಎಸ್‌ಪಿಗೆ ಮಾತ್ರೆಯೂ ಇದೆ, ಇಮಾಟಿನಿಬ್. ರಕ್ತದ ಕ್ಯಾನ್ಸರ್ ಸಿಎಂಎಲ್‌ಗೆ ಕೊಡುವ ಅದೇ ಮಾತ್ರೆ. ಡಿಎಫ್‌ಎಸ್‌ಪಿಯಲ್ಲಿ 17 ಮತ್ತು 22ನೇ ಕ್ರೋಮೋಸೋಮಿನ ತುಂಡುಗಳು ಅದಲುಬದಲಾಗಿ, ಜೀವಕೋಶಕ್ಕೆ "ಬೆಳಿ, ಬೆಳಿ" ಅನ್ನುವ ಸಂದೇಶ ನಿಲ್ಲದೆ ಹೋಗುತ್ತಿರುತ್ತದೆ. ಮಾತ್ರೆ ಆ ಸಂದೇಶವನ್ನು ತಡೆಯುತ್ತದೆ. ಅಮೆರಿಕದಲ್ಲಿ 2006ರಲ್ಲೇ ಇದಕ್ಕೆ ಒಪ್ಪಿಗೆ ಸಿಕ್ಕಿದೆ. ಆಪರೇಷನ್ ಮಾಡಲಾಗದವರಿಗೆ, ಹರಡಿದವರಿಗೆ, ಕೆಲವೊಮ್ಮೆ ದೊಡ್ಡ ಗಡ್ಡೆಯನ್ನು ಸಣ್ಣದು ಮಾಡಿ ಆಮೇಲೆ ತೆಗೆಯಲು ಕೊಡುತ್ತಾರೆ. ಚರ್ಮದ ಬೇರೆ ಸಾರ್ಕೋಮಾಗಳಿಗೆ ಸಾಮಾನ್ಯವಾಗಿ ಈ ಮಾತ್ರೆ ಕೊಡುವುದಿಲ್ಲ. ಪಕ್ಕದ ಮನೆಯವರ ಚೀಟಿ ನೋಡಿ ತರಿಸಬೇಡಿ.

ನಮ್ಮ ಕಡೆ ಎಲ್ಲಿ ತೋರಿಸಬೇಕು? ಖರ್ಚು?

ಮೊದಲು ಜಿಲ್ಲಾ ಆಸ್ಪತ್ರೆ ಅಥವಾ ಮೆಡಿಕಲ್ ಕಾಲೇಜು ಆಸ್ಪತ್ರೆ. ಬೆಳಗಾವಿಯಲ್ಲಿ ಸರ್ಕಾರಿ ಬಿಮ್ಸ್ ಇದೆ, ಕೆಎಲ್‌ಇ ಇದೆ. ಕೆಎಲ್‌ಇಯವರ ಕ್ಯಾನ್ಸರ್ ಆಸ್ಪತ್ರೆ 2025ರ ಜನವರಿಯಲ್ಲಿ ಶುರುವಾಯಿತು. ವಿಜಯಪುರದಲ್ಲಿ ಬಿಎಲ್‌ಡಿಇ, ಬಾಗಲಕೋಟೆಯಲ್ಲಿ ನಿಜಲಿಂಗಪ್ಪ ಮೆಡಿಕಲ್ ಕಾಲೇಜು. ಕ್ಯಾನ್ಸರಿಗೇ ಅಂತ ಹುಬ್ಬಳ್ಳಿ ನವನಗರದ ಆಸ್ಪತ್ರೆಗೆ ಹೋಗುವವರಿದ್ದಾರೆ. ಅಥಣಿ, ರಾಯಬಾಗ, ಚಿಕ್ಕೋಡಿ ಕಡೆಯವರು ಮಿರಜಿಗೂ ಹೋಗುತ್ತಾರೆ. ಅಪರೂಪದ ಗಡ್ಡೆ ಆದ್ದರಿಂದ ಬ್ಲಾಕನ್ನು ಒಮ್ಮೆ ಬೆಂಗಳೂರಿನ ಕಿದ್ವಾಯಿಯಲ್ಲೋ ಮುಂಬೈ ಪರೇಲಿನ ಟಾಟಾದಲ್ಲೋ ತೋರಿಸಿ ಖಾತ್ರಿ ಮಾಡಿಕೊಳ್ಳುವುದು ನನ್ನ ಪ್ರಕಾರ ಒಳ್ಳೆಯದು. ರೋಗಿಯನ್ನು ರೈಲಿನಲ್ಲಿ ಕರೆದುಕೊಂಡು ಹೋಗುವ ಮೊದಲು ಬ್ಲಾಕ್ ಹಿಡಿದು ಒಬ್ಬರೇ ಹೋಗಿ ಬರಬಹುದಾ ಅಂತ ಫೋನಿನಲ್ಲಿ ಕೇಳಿ.

ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಇದೆ. ಎಪಿಎಲ್ ಆದರೆ ಖರ್ಚಿನ ಶೇ 30, ಗರಿಷ್ಠ 1.5 ಲಕ್ಷ. ಖಾಸಗಿ ಆಸ್ಪತ್ರೆಗೆ ಹೋಗುವುದಾದರೆ ಸರ್ಕಾರಿ ಆಸ್ಪತ್ರೆಯ ರೆಫರಲ್ ಚೀಟಿ ಕೇಳುತ್ತಾರೆ. ಅಡ್ಮಿಟ್ ಆಗುವ ಮೊದಲೇ ಅದನ್ನು ಮಾಡಿಸಿ. ಆಧಾರ್ ಮತ್ತು ರೇಷನ್ ಕಾರ್ಡಿನಲ್ಲಿ ಹೆಸರು ಒಂದೇ ಥರ ಇದೆಯಾ ನೋಡಿಕೊಳ್ಳಿ. ನಮಗೆ ಆಪರೇಷನ್ನಿಗಿಂತ ಜಾಸ್ತಿ ಓಡಾಡಿಸಿದ್ದು ಅದೇ.

ಮುಟ್ಟಿದರೆ ಅಂಟುತ್ತಾ? ಮಕ್ಕಳಿಗೆ ಬರುತ್ತಾ?

ಅಂಟುವುದಿಲ್ಲ. ಒಂದೇ ತಾಟಿನಲ್ಲಿ ಉಣ್ಣಬಹುದು. ಡಿಎಫ್‌ಎಸ್‌ಪಿಯ ಬದಲಾವಣೆ ಆ ಗಡ್ಡೆಯೊಳಗೆ ಮಾತ್ರ ಆಗಿರುತ್ತದೆ, ವಂಶದಲ್ಲಿ ಇಳಿದು ಬರುವುದಿಲ್ಲ. ಬಸಿರಿನಲ್ಲಿ ಕೆಲವರಿಗೆ ಗಂಟು ಬೇಗ ಬೆಳೆದದ್ದಿದೆ. ಹಾಗಾಗಿ ಮಗು ಬೇಕು ಅನ್ನುವವರು ಆಪರೇಷನ್ ಮಾಡಿದ ಡಾಕ್ಟರಿಗೆ ಮೊದಲೇ ಒಂದು ಮಾತು ಹೇಳಿರಿ.

ಬದನೆಕಾಯಿ, ಮೊಟ್ಟೆ ಬಿಡಬೇಕಾ?

ಬೇಡ. ಗಾಯ ಮಾಯಲು ಬೇಳೆ, ಮೊಟ್ಟೆ, ಹಾಲು ಬೇಕು. ಮಾವನಿಗೆ ಎಣ್ಣೆಗಾಯಿ ಇಲ್ಲದೆ ರೊಟ್ಟಿ ಇಳಿಯುವುದಿಲ್ಲ. ಎರಡು ತಿಂಗಳು ಪಥ್ಯ ಅಂತ ಸುಮ್ನೆ ಸಪ್ಪೆ ಉಂಡರು.

ಹೊಲದ ಕೆಲಸ, ಮಗ್ಗದ ಕೆಲಸ ಮತ್ತೆ ಮಾಡಬಹುದಾ?

ಗಾಯ ಪೂರ್ತಿ ಮಾಯ್ದು, ಕೂರಿಸಿದ ಚರ್ಮ ಗಟ್ಟಿಯಾದ ಮೇಲೆ ಮಾಡಬಹುದು. ದುಡಿದರೆ ಗಂಟು ಹೊಳ್ಳಿ ಬರುತ್ತದೆ ಅನ್ನುವುದು ಸುಳ್ಳು. ಹೆಗಲು ಬಿಗಿಯುತ್ತದೆ, ಅದಕ್ಕೆ ಫಿಸಿಯೋಥೆರಪಿಯವರು ಹೇಳಿಕೊಟ್ಟ ವ್ಯಾಯಾಮ ಬಿಡಬಾರದು. ಗೋಡೆಗೆ ಬೆರಳು ಹಚ್ಚಿ ಒಂದೊಂದೇ ಇಂಚು ಮೇಲೆ ಹತ್ತಿಸುವುದು, ಅಷ್ಟೇ. ಮಾವ ಗೋಡೆಯ ಮೇಲೆ ಪೆನ್ಸಿಲಿನಲ್ಲಿ ದಿನಾ ಒಂದು ಗೆರೆ ಎಳೆಯುತ್ತಿದ್ದರು. ನಾಲ್ಕನೇ ತಿಂಗಳಿಗೆ ಗೆರೆ ದೇವರ ಪಟದ ಮೊಳೆ ಮುಟ್ಟಿತು, ಮರುದಿನ ಮಗ್ಗಕ್ಕೆ ಇಳಿದರು. ಈಗ ದಿನಕ್ಕೆ ಅರ್ಧ ಹೊತ್ತು ನೇಯುತ್ತಾರೆ, ಹಗ್ಗ ಎಳೆಯುವುದು ಎಡಗೈಯಲ್ಲಿ.